ಸೈಫ್ ಅಂಗಡಿಯ ಕಾರ್ಬನ್ ಚಕ್ರದವರ ಸನ್ನಿಧಾನಕ್ಕೆ

ಶ್ರೀಯುತ ಹಿಂದಿನ ಚಕ್ರದವರಿಗೆ,
ಎಂಬತ್ತು ಮಿಲಿಮೀಟರ್ ಆಳದ ಕಾರ್ಬನ್ ವಂಶಸ್ಥರು,
ಬಲಗಡೆಯ ಮೂರನೇ ಕೊಕ್ಕೆ, ಸೈಫ್ ಅವರ ಸೈಕಲ್ ಅಂಗಡಿ, ಶಿವಾಜಿನಗರ.

ವಿಷಯ: ಕಳೆದ ಭಾನುವಾರದ ಟ್ರಯಥ್ಲಾನ್‌ನಲ್ಲಿ ತಾವು ನನ್ನ ಹೆಗಲ ಮೇಲೆ ಪ್ರಯಾಣ ಬೆಳೆಸಿದ ಕುರಿತು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ, ಏಕೆಂದರೆ ತಮ್ಮ ಮೈಮೇಲೆ ಒಂದು ಗೀರೂ ಬೀಳದಂತೆ ನೋಡಿಕೊಂಡವನು ನಾನೇ. ನನ್ನ ಕ್ಷೇಮವನ್ನು ತಾವು ವಿಚಾರಿಸದಿದ್ದರೂ ಹೇಳಿಬಿಡುತ್ತೇನೆ: ಎಡಗಾಲಿನಲ್ಲಿ ಎರಡು ಬೊಬ್ಬೆ, ಬಲಗಾಲಿನಲ್ಲಿ ಮೂರು, ಹೆಗಲಿನ ಮೇಲೆ ಸೈಕಲ್ ಕಂಬಿಯ ಅಚ್ಚು. ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ, ಬಿಸಿ ಉಪ್ಪುನೀರಿನ ಬಕೆಟ್ಟಿನಲ್ಲಿ ಎರಡೂ ಕಾಲು ಇಳಿಬಿಟ್ಟುಕೊಂಡು ಕುಳಿತು ಈ ಪತ್ರ ಬರೆಯುತ್ತಿದ್ದೇನೆ.

ನಾನು ಹಯಗ್ರೀವ, ವಯಸ್ಸು ಐವತ್ತಾರು. ಜನರ ಮೇಲೆ ಯಾವ್ಯಾವ ಆಪತ್ತು ಬಂದೆರಗಬಹುದೆಂದು ಮೂವತ್ತೊಂದು ವರ್ಷದಿಂದ ವಿಮಾ ಕಚೇರಿಯಲ್ಲಿ ಕುಳಿತು ಯೋಚಿಸುವುದೇ ನನ್ನ ಉದ್ಯೋಗ. ಟ್ರಯಥ್ಲಾನ್‌ಗೆ ನಮ್ಮದು ಮೂವರ ತಂಡ: ನನ್ನ ಹೆಂಡತಿ ಜಲಜಾ ಒಂದೂವರೆ ಕಿಲೋಮೀಟರ್ ಈಜಬೇಕು, ನಾನು ನಲವತ್ತು ಕಿಲೋಮೀಟರ್ ಸೈಕಲ್ ತುಳಿಯಬೇಕು, ಮಗಳು ಆಶ್ರಿತಾ ಹತ್ತು ಕಿಲೋಮೀಟರ್ ಓಡಬೇಕು. ಸಮಯ ಅಳೆಯುವ ಪಟ್ಟಿಯೊಂದನ್ನು ಒಬ್ಬರ ಕಾಲಿನಿಂದ ಬಿಚ್ಚಿ ಇನ್ನೊಬ್ಬರ ಕಾಲಿಗೆ ಕಟ್ಟುತ್ತಾ ಹೋಗಬೇಕು. ಸೈಕಲ್ಲಿನವನು ಬೆಳಿಗ್ಗೆ ಒಂಬತ್ತೂವರೆಯೊಳಗೆ ಬಾರದಿದ್ದರೆ ಓಡುವವರನ್ನು ಬಿಡುವುದಿಲ್ಲ, ತಂಡವೇ ಸ್ಪರ್ಧೆಯಿಂದ ಹೊರಗೆ, ಮೊದಲು ಈಜಿದವರು ಈಜಿದ್ದೂ ಲೆಕ್ಕಕ್ಕಿಲ್ಲ.

ಈಜಿದ್ದು ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟೆ, ಕ್ಷಮಿಸಿ. ಜಲಜಾ ತಲೆಗೆ ಒಂದು ಚೊಂಬು ನೀರು ಹಾಕಿಕೊಳ್ಳುವಾಗಲೂ ಮೂಗು ಹಿಡಿದುಕೊಳ್ಳುತ್ತಿದ್ದ ಹೆಂಗಸು. ಅಂಥವಳು ಐವತ್ತೆರಡನೆಯ ವಯಸ್ಸಿನಲ್ಲಿ ಹಟ ಹಿಡಿದು ಹಲಸೂರಿನ ಈಜುಕೊಳಕ್ಕೆ ಸೇರಿದಳು. ಮೊದಲ ತಿಂಗಳು ಅಂಚಿನ ಕಂಬಿ ಬಿಡಲಿಲ್ಲ, ಎರಡನೆಯ ತಿಂಗಳು ಕಂಬಿ ಬಿಟ್ಟು ಅತ್ತಳು, ಹದಿನಾಲ್ಕನೆಯ ತಿಂಗಳಿಗೆ ಒಂದೂವರೆ ಕಿಲೋಮೀಟರ್ ನಿಲ್ಲದೆ ಈಜಿ ಮನೆಗೆ ಬಂದು ನಾಲ್ಕು ಚಪಾತಿ ಹೆಚ್ಚಿಗೆ ತಿಂದಳು. ಅದೇ ಹದಿನಾಲ್ಕು ತಿಂಗಳು ನಾನೇನು ಮಾಡುತ್ತಿದ್ದೆನೆಂದರೆ, ಚಕ್ರ ಆರಿಸುತ್ತಿದ್ದೆ.

ತಮ್ಮಂಥವರನ್ನು ಆರಿಸುವುದು ಸಾಮಾನ್ಯವೇ? ಟೈರಿನ ಅಗಲ ಇಪ್ಪತ್ತಮೂರು ಮಿಲಿಮೀಟರೋ, ಇಪ್ಪತ್ತೈದೋ, ಇಪ್ಪತ್ತೆಂಟೋ. ಒಳಗೆ ಟ್ಯೂಬ್ ಇರಬೇಕೋ ಬೇಡವೋ. ರಿಮ್ಮು ತೆಳ್ಳಗಿರಬೇಕೋ, ಗಾಳಿಯನ್ನು ಸೀಳುವಷ್ಟು ಆಳವಿರಬೇಕೋ ಎಂದು ಕಚೇರಿಯ ಬಿಡುವಿನಲ್ಲಿ ಕಂಪ್ಯೂಟರಿನಲ್ಲಿ ಇನ್ನೂರ ಹನ್ನೆರಡು ಸಾಲಿನ ಕೋಷ್ಟಕ ಮಾಡಿದವನು ನಾನು. ಮುನ್ನೂರು ಸಾಲು ಮುಟ್ಟುವುದರೊಳಗೆ ಸೈಫ್ ಅಂಗಡಿಯಲ್ಲಿ ತಮ್ಮ ದರ್ಶನವಾಯಿತು. ಅಪ್ಪ, ತಾತನ ಕಾಲದಿಂದ ಸೈಕಲ್ ಬಿಚ್ಚಿ ಕಟ್ಟುತ್ತಿರುವ ಮನೆತನದ ಸೈಫ್ ನನಗೆ ಕೈಮುಗಿದು ಹೇಳಿದ್ದ: “ಸಾರ್, ಹೇಳಿದ್ ಕೇಳಿ. ನಿಮ್ ಹಳೇ ವೀಲೇ ಸಾಕು. ಇಪ್ಪತ್ತೆಂಟರ ಟೈರ್ ಹಾಕಿ, ಗಾಳಿ ಸ್ವಲ್ಪ ಕಮ್ಮಿ ಇಡಿ, ಆರಾಮಾಗ್ ಬರ್ತೀರ. ಇದು ಶೋಕಿ ಐಟಮ್ ಸಾರ್.” ನಾನು ಕೇಳಲಿಲ್ಲ. ತಮ್ಮನ್ನು ಸುತ್ತಿಸಿದಾಗ ಬರುವ ಆ ‘ವೂಂ’ ಎಂಬ ನಾದ ಕೇಳಿದ ಮೇಲೆ ಬೇರೆ ಏನಾದರೂ ಕಿವಿಗೆ ಬೀಳುತ್ತದೆಯೇ? ಬೇಡಿಕೊಂಡು ಮೂರು ದಿನಕ್ಕೆಂದು ತಮ್ಮನ್ನೂ ತಮ್ಮ ಸೋದರರಾದ ಮುಂದಿನ ಚಕ್ರದವರನ್ನೂ ಮನೆಗೆ ಕರೆತಂದೆ.

ತಮ್ಮ ಸೋದರರ ಬಗ್ಗೆ ದೂರಿಲ್ಲ. ಮರುದಿನ ಅಭ್ಯಾಸಕ್ಕೆಂದು ಹೊರಟಾಗ ದೊಮ್ಮಲೂರು ಫ್ಲೈಓವರಿನ ಮೇಲೆ ಅಡ್ಡಗಾಳಿ ಬೀಸಿ ಅವರು ನನ್ನನ್ನು ಕೇಳದೆಯೇ ಎಡಕ್ಕೆ ಹೊರಟಿದ್ದು ಅವರ ಸ್ವಾತಂತ್ರ್ಯ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟು ತಮ್ಮಿಬ್ಬರನ್ನು ನೋಡಿದರು. ದೃಷ್ಟಿ ತಗುಲದಿರುತ್ತದೆಯೇ? ಕೂಡಲೇ ಹಲಸೂರಿನ ಸಿಗ್ನಲ್ಲಿನಲ್ಲಿ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿಯನ್ನು ತಂತಿಯಲ್ಲಿ ಪೋಣಿಸಿದ ಸರ ಕೊಂಡು ಸೀಟಿನ ಹಿಂಭಾಗಕ್ಕೆ, ತಮ್ಮ ನೆತ್ತಿಯ ಮೇಲೆ ನೇತಾಡುವಂತೆ ಕಟ್ಟಿದೆ. ವಿಮೆಯವನಲ್ಲವೇ, ಮುಂಜಾಗ್ರತೆ ರಕ್ತದಲ್ಲಿದೆ. ಅಷ್ಟೇ ಅಲ್ಲ, ಸೈಫ್ ಕೊಟ್ಟಿದ್ದ ಉದ್ದ ವಾಲ್ವಿನ ಬದಲಿ ಟ್ಯೂಬನ್ನು ತೆಗೆದಿಟ್ಟು, ಅದಕ್ಕಿಂತ ಮೂವತ್ತು ಗ್ರಾಂ ಹಗುರವಾದ ನನ್ನದೇ ಟ್ಯೂಬನ್ನು ಚೀಲಕ್ಕೆ ಹಾಕಿಕೊಂಡೆ. ನಿಂಬೆಹಣ್ಣು, ಮೆಣಸಿನಕಾಯಿಗಳ ತೂಕ ತೊಂಬತ್ತು ಗ್ರಾಂ ಎಂಬುದನ್ನು ಆಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ಅಂಥದ್ದೇ ಸರ ಇಟ್ಟು ತೋರಿಸಿದವಳು ಜಲಜಾ.

ಭಾನುವಾರ ಜಲಜಾ ನೀರಿನಿಂದೆದ್ದು ಓಡಿ ಬಂದಾಗ ಅವಳ ತುಟಿ ನೀಲಿಯಾಗಿತ್ತು, ಮುಖ ಮಾತ್ರ ಹಬ್ಬದ ಮನೆಯ ಹಾಗಿತ್ತು. ಬಗ್ಗಿ ಒದ್ದೆ ಪಟ್ಟಿಯನ್ನು ನನ್ನ ಕಾಲಿಗೆ ತಾನೇ ಕಟ್ಟಿ, “ರೀ, ಇದನ್ನ ತಂದು ಆಶ್ರಿತಾಗೆ ಕೊಟ್ಬಿಡಿ ಸಾಕು, ಸ್ಪೀಡು ಗೀಡು ಏನೂ ಬೇಡ” ಎಂದಳು. ಕೆ.ಆರ್. ಪುರದ ಆಚೆಗಿನ ರಸ್ತೆಯಲ್ಲಿ ಮೂವತ್ತಾರು ಕಿಲೋಮೀಟರ್ ತಾವು ಹಾಡಿದಿರಿ, ನಾನು ತೇಲಿದೆ. ಆಮೇಲೆ ದೃಷ್ಟಿಯ ಸರ ಅಲುಗಾಡಿ ಅಲುಗಾಡಿ ಕಳಚಿ, ಅದರ ತಂತಿ ತಮಗೇ ಚುಚ್ಚಿಕೊಂಡಿತು. ತಮ್ಮ ರಕ್ಷಣೆಗೆಂದು ಕಟ್ಟಿದ್ದೇ ತಮ್ಮ ಉಸಿರು ತೆಗೆಯಿತು.

ಹೆದರಲಿಲ್ಲ. ಹಗುರವಾದ ಟ್ಯೂಬ್ ತೆಗೆದು ಹಾಕಿದೆ. ಹಾಕಿ ನೋಡಿದರೆ ಗಾಳಿ ತುಂಬುವ ವಾಲ್ವು ರಿಮ್ಮಿನಿಂದ ಹೊರಗೆ ಬಂದೇ ಇಲ್ಲ! ತಾವು ಎಂಬತ್ತು ಮಿಲಿಮೀಟರ್ ಆಳ, ಅದು ನಲವತ್ತೆಂಟು ಮಿಲಿಮೀಟರ್ ಉದ್ದ. ಇನ್ನೂರ ಹನ್ನೆರಡು ಸಾಲಿನಲ್ಲಿ ಈ ಒಂದು ಸಾಲು ನನಗೆ ಹೊಳೆದಿರಲಿಲ್ಲ. ಅಲ್ಲೇ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಮುನಿನಾರಾಯಣಪ್ಪ ಎಂಬ ಹಿರಿಯರು ಬಂದು ತಮ್ಮನ್ನು ಸುತ್ತಲೂ ನೋಡಿ, “ಏನ್ ಸ್ವಾಮಿ ಇದು, ಗಾಳಿ ಹೊಡಿಯಕ್ಕೆ ದಾರಿನೇ ಇಲ್ವಲ್ಲ! ಬಿಡಿ, ಹಳೇ ಟ್ಯೂಬಿಗೇ ತ್ಯಾಪೆ ಹಾಕ್ಕೊಡ್ತೀನಿ” ಎಂದರು. ಹೊರಗಿನವರ ಸಹಾಯ ಪಡೆದರೆ ತಂಡ ವಜಾ ಎಂಬ ನಿಯಮವಿತ್ತು. ಕೈಮುಗಿದು ಬೇಡವೆಂದೆ. ಗಂಟೆ ಎಂಟು ಐವತ್ತಾರು, ಉಳಿದದ್ದು ನಾಲ್ಕು ಕಿಲೋಮೀಟರ್.

ಗಾಳಿಯಿಲ್ಲದೆ ಉರುಳಿಸಿದರೆ ತಮ್ಮ ರಿಮ್ಮು ಒಡೆಯುತ್ತದೆ, ಸೈಫ್‌ಗೆ ಮುಖ ತೋರಿಸುವ ಹಾಗಿಲ್ಲ. ಪೆಡಲಿಗೆ ಸಿಕ್ಕಿಸುವ ಶೂ ಹಾಕಿಕೊಂಡು ಓಡಲಾಗುವುದಿಲ್ಲ. ಶೂ ಕಳಚಿ ಬೆನ್ನ ಜೇಬಿಗೆ ತುರುಕಿ, ತಮ್ಮ ಸಮೇತ ಸೈಕಲ್ಲನ್ನು ಹೆಗಲಿಗೇರಿಸಿ ಕಾಲುಚೀಲದಲ್ಲೇ ಓಡಿದೆ. ಮೋಸಂಬಿ ಗಾಡಿಯವನು ಬದಿಗೆ ಸರಿದು ದಾರಿ ಬಿಟ್ಟ. ತಾವು ಮಾತ್ರ ನನ್ನ ಕಿವಿಯ ಪಕ್ಕದಲ್ಲೇ ಗಾಳಿಗೆ ತಿರುಗುತ್ತಾ ‘ವೂಂ’ ಎನ್ನುತ್ತಲೇ ಇದ್ದಿರಿ, ತಮ್ಮ ಮನಃಸ್ಥೈರ್ಯಕ್ಕೆ ನಮಸ್ಕಾರ. ಓಡುವಾಗ ನನ್ನ ತಲೆಯಲ್ಲಿ ತಾವಿರಲಿಲ್ಲ. ಕಂಬಿ ಹಿಡಿದು ಅಳುತ್ತಿದ್ದ ಜಲಜಾ ಇದ್ದಳು. ಅವಳ ಹದಿನಾಲ್ಕು ತಿಂಗಳನ್ನು ಮೂವತ್ತು ಗ್ರಾಮಿಗೆ ಮಾರಿಬಿಟ್ಟೆನಲ್ಲ ಎಂದು ನನಗೆ ನಿಜಕ್ಕೂ ಅಳು ಬಂತು.

ಒಂಬತ್ತು ಇಪ್ಪತ್ತೊಂಬತ್ತಕ್ಕೆ ಗೆರೆ ದಾಟಿದೆ. ಆಶ್ರಿತಾ ನನ್ನ ಕಾಲಿಗೇ ಬಿದ್ದು ಪಟ್ಟಿ ಕಿತ್ತುಕೊಂಡು ಓಡಿದಳು. ಬೇಲಿಯಾಚೆ ಟವೆಲ್ ಹೊದ್ದು ನಿಂತಿದ್ದ ಜಲಜಾ ನನ್ನ ಕಾಲುಚೀಲದ ತೂತುಗಳನ್ನೂ ಹೆಗಲ ಮೇಲಿದ್ದ ತಮ್ಮನ್ನೂ ಒಮ್ಮೆ ನೋಡಿ, ಕಣ್ಣೊರೆಸಿಕೊಳ್ಳುತ್ತಾ, “ಚಕ್ರಕ್ಕೇನೂ ಆಯಾಸ ಆಗಿಲ್ಲ ತಾನೇ?” ಎಂದು ಕೇಳಿದಳು.

ಆದಕಾರಣ ತಮ್ಮಲ್ಲಿ ವಿನಂತಿ ಏನೆಂದರೆ, ಮುಂದೆ ಯಾರಾದರೂ ಮಧ್ಯವಯಸ್ಕರು ತಮ್ಮನ್ನು ಸುತ್ತಿಸಿ ನೋಡಿದಾಗ ದಯವಿಟ್ಟು ಆ ನಾದ ಹೊರಡಿಸದೆ ಗಡಗಡ ಸದ್ದು ಮಾಡುವುದು. ಜಲಜಾಗೆ ಒಂದು ಕ್ಷಮಾಪಣಾ ಪತ್ರ ಬರೆಯುವುದು. ಸೈಫ್ ಕೇಳಿದರೆ, ಸಾರ್ ಬಹಳ ಚೆನ್ನಾಗಿ ತುಳಿದರೆಂದು ಒಂದು ಸುಳ್ಳು ಹೇಳುವುದು. ಆಶ್ರಿತಾ ಓಟ ಮುಗಿಸಿದ ಮೇಲೆ ಸಿಕ್ಕ ಪ್ರಮಾಣಪತ್ರದಲ್ಲಿ ಮೂವರ ಹೆಸರಿದೆ, ಜಲಜಾ ಹೆಸರು ಮೊದಲು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇವೆ.

ತಮ್ಮನ್ನು ಹೊತ್ತು ಧನ್ಯನಾದ,
ತಮ್ಮ ವಿಶ್ವಾಸಿ,
ಹಯಗ್ರೀವ

ಮರೆತಿದ್ದೆ: ಮುಂದಿನ ವರ್ಷ ಸೈಕಲ್ ತುಳಿಯುವವಳು ಜಲಜಾ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ನನ್ನ ಹಳೇ ಚಕ್ರಕ್ಕೆ ಸೈಫ್ ಇಪ್ಪತ್ತೆಂಟರ ಟೈರ್ ಹಾಕಿಯೂ ಕೊಟ್ಟಿದ್ದಾನೆ. ನನ್ನ ಪಾಲಿಗೆ ಈಜು ಬಂದಿದೆ, ನನಗೆ ಈಜು ಬಾರದು. ಬೊಬ್ಬೆ ಒಣಗಿದ ಕೂಡಲೇ ಹಲಸೂರಿನ ಕೊಳಕ್ಕಿಳಿಯಬೇಕು, ಕಂಬಿ ಹಿಡಿಯುವಂತಿಲ್ಲವೆಂದು ಜಲಜಾಳ ಕಟ್ಟಪ್ಪಣೆ. ನಾಲ್ಕು ಕಿಲೋಮೀಟರ್ ಹೊತ್ತವನ ಋಣ ತಮ್ಮ ಮೇಲಿರುವುದರಿಂದ, ಕಾರ್ಬನ್ ನೀರಿನಲ್ಲಿ ತೇಲುತ್ತದೆಯೇ ಎಂಬುದನ್ನು ದಯವಿಟ್ಟು ಮರುಟಪಾಲಿನಲ್ಲಿ ತಿಳಿಸುವುದು.