ಯಾವ ಊರಿನ ಲಾಗಿನ್ನು?

ನನ್ನ ಸೋದರಮಾವ ಎದುರಿಗೆ ಬಂದ ಕಂಪ್ಯೂಟರನ್ನೂ "ನೀನ್ಯಾರ ಪೈಕಿ?" ಎಂದು ವಿಚಾರಿಸದೆ ಬಿಡುವವರಲ್ಲ! ಇಂಥವರ ಕೈಗೆ ನಮ್ಮ ಬಿತ್ತನೆ ಬೀಜದ ಕಂಪನಿ ಎಲ್ಲರ ಲಾಗಿನ್ ನೋಡಿಕೊಳ್ಳುವ ಕೆಲಸ ಕೊಟ್ಟಿದೆ ಎಂದರೆ, ಕೊಟ್ಟವರ ಧೈರ್ಯವನ್ನು ಮೆಚ್ಚಬೇಕು.

ನಮಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಹೀಗೆ ನಾಲ್ಕು ಕಡೆ ಆಫೀಸು. ನಾಲ್ಕಕ್ಕೂ ಬೇರೆ ಬೇರೆ ಡೊಮೈನು. ಅಣ್ಣತಮ್ಮಂದಿರು ಪಾಲಾದ ಮೇಲೆ ಒಲೆ ಬೇರೆಯಾಗುತ್ತದಲ್ಲ, ಹಾಗೆ. ಚನ್ನಪಟ್ಟಣದ ಲಾಗಿನ್ ಹಿಡಿದು ಮಾಗಡಿಗೆ ಹೋದರೆ ಅಲ್ಲಿನ ಕಂಪ್ಯೂಟರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಯಾರಾದರೂ ಪಾಸ್‌ವರ್ಡ್ ಮರೆತರೆ ಮಾವ ಕೂತಲ್ಲಿಂದಲೇ ಸರಿಮಾಡಬಹುದು. ಮಾಡುತ್ತಾರೆಯೇ? ಬಸ್ಸು ಹತ್ತುತ್ತಾರೆ!

"ಫೋನಲ್ಲಿ ಯಾರ್ ಬೇಕಾರೂ ನಾನೇ ರಾಜಣ್ಣ ಅಂತಾರೆ ಕಣವ್ವ. ಒಸಿ ಮುಖ ನೋಡ್ಬೇಕು" ಎನ್ನುತ್ತಾರೆ. ಒಮ್ಮೆ ಮಾಗಡಿಯ ಮ್ಯಾನೇಜರ್ ಪಾಸ್‌ವರ್ಡಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರೆ, ಈ ಮಹಾಶಯರು ಅವರ ಅಜ್ಜಿಯ ತವರು ಯಾವುದು ಎಂದು ಕೆದಕುತ್ತಾ ಕೂತು, ಅವರ ಡಬ್ಬಿಯಲ್ಲೇ ಊಟ ಮುಗಿಸಿಕೊಂಡು ಎದ್ದರು. ಪಾಸ್‌ವರ್ಡ್? ಅದು ನೆನಪಾದದ್ದು ವಾಪಸ್ ಬರುವ ಬಸ್ಸಿನಲ್ಲಿ!

ಕಳೆದ ವರ್ಷ ನಾಲ್ಕೂ ಡೊಮೈನ್ ಒಂದಾಗಲಿ, ಒಬ್ಬರಿಗೆ ಒಂದೇ ಲಾಗಿನ್ ಸಾಕು ಎಂದು ಮೇಲಿನವರ ಅಪ್ಪಣೆಯಾಯಿತು. ಕೂಡಿಸಿ ನೋಡಿದರೆ ಶಿವಣ್ಣಂದಿರೇ ಐದು ಜನ! ಕಂಪ್ಯೂಟರು ತಾನಾಗಿಯೇ ಶಿವಣ್ಣ ಒಂದು, ಶಿವಣ್ಣ ಎರಡು ಎಂದು ಹೆಸರಿಟ್ಟುಬಿಟ್ಟಿತ್ತು. ಮಾವ ಕೆರಳಿದರು.

"ಮನುಷ್ರೇನ್ ಕುರಿಗಳಾ? ನಂಬರ್ ಹಾಕ್ತೀಯೇನ್ಲಾ!" ಎಂದು ಕಂಪ್ಯೂಟರಿಗೇ ಗದರಿದರು.

ಮನೆಯಲ್ಲಿ ಕುರಿ ಸಾಕಿದ ಶಿವಣ್ಣ ಒಬ್ಬರು ಪಕ್ಕದಲ್ಲೇ ಇದ್ದರು. "ಕುರಿಗೂ ನಾವ್ ನಂಬರ್ ಹಾಕಕಿಲ್ಲ ಸಾರ್. ಮುಖ ನೋಡುದ್ರೆ ಗೊತ್ತಾಯ್ತದೆ" ಎಂದರು. ಮಾವ ಹಿಗ್ಗಿಹೋದರು!

ಅಂದಿನಿಂದ ನಂಬರಿನ ಬದಲು ಊರು. ಶಿವಣ್ಣ ಕುದೂರು, ಶಿವಣ್ಣ ಸೋಲೂರು. ಅದಕ್ಕಾಗಿ ಮಾವ ನಾಲ್ಕೂ ಆಫೀಸು ಸುತ್ತಿ, ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು "ನಿಮ್ದು ಯಾವೂರು?" ಎಂದು ಕೇಳತೊಡಗಿದರು.

ಆ ತಿಂಗಳು ತಾನೇ ನಾನು ಸೋಲೂರಿನ ಗಂಡನ ಮನೆ ಬಿಟ್ಟು ಬಂದಿದ್ದೆ, ಇನ್ನು ಅತ್ತ ಹೋಗುವವಳಲ್ಲ. ಹುಟ್ಟಿದೂರಿಗೆ ಹೋದರೆ ಅಣ್ಣ ಹೊಸ್ತಿಲಲ್ಲೇ "ಎಷ್ಟ್ ದಿನಕ್ಕೆ ಬಂದ್ಯವ್ವ?" ಎಂದಿದ್ದ. ಚನ್ನಪಟ್ಟಣದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಲಕ್ಷ್ಮಿ ಎಂಬ ಹೆಸರಿನವರು ನಾವು ಇಬ್ಬರು, ಇನ್ನೊಬ್ಬಳು ಕನಕಪುರದ ಆಫೀಸಿನವಳು. ಎಲ್ಲರೆದುರು ಊರು ಕೇಳಿದರೆ ನಾನು ಏನೆಂದು ಹೇಳಲಿ?

ನನ್ನ ಸರದಿ ಬಂತು. ಎಲ್ಲರ ವಂಶವನ್ನೂ ಜಾಲಾಡುವ ಮಾವ ನನ್ನ ಊರು ಕೇಳದೆಯೇ ಕೀಬೋರ್ಡ್ ಕುಟ್ಟಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಲಕ್ಷ್ಮಿ ಎಂದಷ್ಟೇ ಇತ್ತು. ಊರೂ ಇಲ್ಲ, ನಂಬರೂ ಇಲ್ಲ.

"ಇನ್ನೊಬ್ಳು ಲಕ್ಷ್ಮಿ ಇದಾಳಲ್ಲ ಮಾವ?"

"ಆಯಮ್ಮನ್ನ ಕೇಳ್ಕಂಡು ಬಂದೆ ಕಣವ್ವ. ನಂಗೆ ಮರಳವಾಡಿ ಅಂತ ಸೇರಿಸ್ಬುಡಿ ಅಂದ್ಲು. ಬರೀ ಹೆಸ್ರು ನಿಂಗಿರ್ಲಿ."

ಅಷ್ಟನ್ನು ಕೇಳುವುದಕ್ಕೆಂದೇ ಕನಕಪುರಕ್ಕೆ ಎರಡು ಸಲ ಹೋಗಿದ್ದರಂತೆ. ನನಗೆ ಅಳು ತಡೆಯಲಾಗಲಿಲ್ಲ.

"ಪಾಸ್‌ವರ್ಡ್ ಹಾಕವ್ವ, ನಾನ್ ನೋಡಕಿಲ್ಲ" ಎಂದು ಮಾವ ಗೋಡೆಯ ಕಡೆ ತಿರುಗಿ ಕೂತರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಗಿಸುವವರೆಗೂ ಈ ಕಡೆ ತಿರುಗಲೇ ಇಲ್ಲ.