ಬೀಗರ ಬೆನ್ನ ಹಿಂದಿನ ಸೂರ್ಯ

ಎಲ್ಲಕ್ಕೂ ಮೂಲ ಪಕ್ಕದ ಮನೆಯ ಶಾರಿಪಾ. ಅವಳು ಒಮ್ಮೆ ಕಾಸ್ಪಿಯನ್ ಕಡಲ ತೀರಕ್ಕೆ ಹೋಗಿಬಂದವಳು ಬಾಲ್ಜಾನಳ ಕಿವಿಗೆ ಒಂದು ಮಾತು ಹಾಕಿದಳು. ಸೂರ್ಯ ಮುಳುಗುವಾಗ ನೀರು ಮುಟ್ಟುವ ಮುಂಚೆ ತಟ್ಟಿದ ರೊಟ್ಟಿಯ ಹಾಗೆ ಚಪ್ಪಟೆಯಾಗುತ್ತಾನಂತೆ. ಬಾಲ್ಜಾನ್ ಅದನ್ನು ಗಂಡನಿಗೆ ಹೇಳಿದಳು. ಗಂಡ ದುಯ್ಸೆನ್ ಕಡಲಿಂದ ಬಲು ದೂರದ ಒಳನಾಡಿನ ಜೆಜ್‌ಕಜ್‌ಗಾನ್ ಊರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಯಾವ ವಸ್ತು ಯಾವ ಏಟಿಗೆ ಚಪ್ಪಟೆಯಾಗುತ್ತದೆ ಎಂದು ಬಲ್ಲವನು. ಬಯಲುಸೀಮೆಯಲ್ಲಿ ಹುಟ್ಟಿದಾಗಿನಿಂದ ಸೂರ್ಯನನ್ನು ನೋಡಿದ್ದೇನೆ, ಕೊನೇ ಗಳಿಗೆಯವರೆಗೂ ಗುಂಡಗೇ ಇರುತ್ತಾನೆ, ಅವನೇನು ಹಿಟ್ಟಿನ ಉಂಡೆಯೇ ಎಂದು ನಕ್ಕುಬಿಟ್ಟ.

ನಗಬಾರದಿತ್ತು. ಬಾಲ್ಜಾನ್ ಜಗಳಗಂಟಿಯಲ್ಲ. ಆದರೆ ಒಂದು ವಿಷಯ ತಲೆಗೆ ಹೊಕ್ಕಿತೆಂದರೆ ಮುಚ್ಚಳ ತೆಗೆದು ನೋಡುವವರೆಗೂ ಬಿಡುವವಳಲ್ಲ. ದಿನಾ ಸಂಜೆ ಚಹಾ ಬಗ್ಗಿಸುತ್ತಾ, ಒಂದು ವೇಳೆ ಚಪ್ಪಟೆಯಾದರೆ ಮೇಲಿನಿಂದಲೋ ಕೆಳಗಿನಿಂದಲೋ ಎಂದು ಕೇಳುವಳು. ಕೊನೆಗೆ ಸೆಕೆಯೂ ನೊಣವೂ ಹೋಗಿ ಗಾಳಿ ತಣ್ಣಗಾದ ಮೇಲೆ ದುಯ್ಸೆನ್ ರಜೆ ಹಾಕಿ, ತನ್ನ ಪಿಸ್ತಾ ಬಣ್ಣದ ಹಳೇ ಕಾರನ್ನು ಉಜ್ಜಿ ತೊಳೆದು, ಹೆಂಡತಿಯನ್ನು ಕೂರಿಸಿಕೊಂಡು ಪಡುವಣ ದಿಕ್ಕಿಗೆ ಹೊರಟ. ಅವಸರವಿಲ್ಲ, ಕಡಲಿನ ಅಂಚು ಹಿಡಿದು ಮನಸ್ಸು ಬಂದಲ್ಲಿ ನಿಲ್ಲುವುದು, ಸಂಜೆಯಾದರೆ ಸೂರ್ಯನನ್ನು ನೋಡುವುದು, ಇಷ್ಟೇ ಕಾರ್ಯಕ್ರಮ.

ಕಡಲು ಕಂಡಿತು. ದಂಡೆಯ ಸುಣ್ಣದ ಬಂಡೆಗಳು ಕಂಡವು, ಉಪ್ಪು ನೀರಿನಲ್ಲಿ ಕಾಲು ನೆನೆಸಿಕೊಂಡು ಮಾವನ ಮನೆಗೆ ಬಂದ ಅಳಿಯಂದಿರಂತೆ ಸುಮ್ಮನೆ ನಿಂತ ಒಂಟೆಗಳು ಕಂಡವು. ಕಾಣದೇ ಉಳಿದದ್ದು ಸೂರ್ಯ ಮುಳುಗುವುದೊಂದೇ.

ಅದಕ್ಕೆ ಕಾರಣ ದುಯ್ಸೆನ್‌ನ ತಾತ. ಆ ಪುಣ್ಯಾತ್ಮ ಇದೇ ದಂಡೆಯವನು. ತಾಮ್ರದ ಗಣಿಯ ಕೆಲಸಕ್ಕೆಂದು ಒಳನಾಡಿಗೆ ಹೋಗಿ ಅಲ್ಲೇ ಉಳಿದವನು. ಅವನ ಬೆಡಗು, ಅಂದರೆ ಕುಲ, ಅದಾಯ್. ಈ ದಂಡೆಯ ಉದ್ದಕ್ಕೂ ಇರುವುದು ಅದಾಯ್ ಬೆಡಗಿನವರೇ. ಇಲ್ಲಿ ಯಾರಾದರೂ ಎದುರಾದರೆ ಮೊದಲು ನಿಮ್ಮ ಕ್ಷೇಮ ಕೇಳುತ್ತಾರೆ, ಆಮೇಲೆ ನಿಮ್ಮ ದನಕುರಿಗಳ ಕ್ಷೇಮ, ಮೂರನೆಯ ಮಾತು ಯಾವ ಬೆಡಗು ಎಂದು. ದುಯ್ಸೆನ್ ಉತ್ತರ ಹೇಳಿದನೋ, ಕೇಳಿದವರ ಮುಖ ಅರಳಿ ಅವರು ಅವನಿಗೆ ಚಿಕ್ಕಪ್ಪನೋ ತಮ್ಮನೋ ಮೊಮ್ಮಗನೋ ಆಗಿಬಿಡುವರು. ಆಮೇಲೆ ಮನೆಯೊಳಗೆ, ಚಹಾದ ಮುಂದೆ. ಚಹಾದ ಹೊತ್ತೂ ಸೂರ್ಯ ಮುಳುಗುವ ಹೊತ್ತೂ ಒಂದೇ. ಹೀಗೆ ಸಂಜೆಗಳು ಹೋದವು, ಕಾರಿನ ಹಿಂದಿನ ಸೀಟು ತುಂಬಿತು. ಒಂಟೆ ಉಣ್ಣೆಯ ಕಾಲುಚೀಲ, ಹುರಿಗೆ ಪೋಣಿಸಿದ ಒಣಮೀನು, ಕೆಂಪಂಚಿನ ಒಂದು ಕಂಬಳಿ, ಎಳೆಗರುವಿನಷ್ಟು ದೊಡ್ಡ ಕರಬೂಜದ ಹಣ್ಣು. ಯಾವುದನ್ನೂ ಬೇಡವೆನ್ನುವ ಹಾಗಿರಲಿಲ್ಲ.

ಕೊನೆಯ ದಿನ ಬಂತು. ಮಾರನೆಯ ಬೆಳಿಗ್ಗೆ ಹೊರಡದಿದ್ದರೆ ಡಿಪೋಗೆ ಹೊತ್ತಿಗೆ ಮುಟ್ಟುವಂತಿಲ್ಲ. ಬಾಲ್ಜಾನ್ ಒಣಮೀನಿನ ವಾಸನೆಗೆ ಕಿಟಕಿ ಇಳಿಸಿ, ಸ್ವರ ಏರಿಸದೆ ಹೇಳಿದಳು: "ಇವತ್ತು ಸೂರ್ಯನ್ನ ನೋಡ್ದೆ ನಾನು ಈ ಊರು ಬಿಟ್ಟು ಬರಲ್ಲ ರೀ. ನೀವು ಬೇಕಾದ್ರೆ ಹೋಗಿ, ಕರಬೂಜ ಜೊತೆಗಿರತ್ತೆ."

ಮಧ್ಯಾಹ್ನವೆಲ್ಲ ದುಯ್ಸೆನ್ ಕಾರು ಓಡಿಸುತ್ತಾ ಯೋಚಿಸಿದ. ತೊಂದರೆ ಕೊಡುತ್ತಿರುವುದು ಒಂದೇ ಭಾಗ, ಅದನ್ನು ಬದಲಾಯಿಸಿದರೆ ಗಾಡಿ ಸರಿಹೋಗುತ್ತದೆ. ಯಾರಾದರೂ ಕೇಳಿದರೆ ನೈಮನ್ ಬೆಡಗಿನವನೆಂದು ಹೇಳಿದರಾಯಿತು. ಅವರಿರುವುದು ದೇಶದ ಇನ್ನೊಂದು ಕೊನೆಯಲ್ಲಿ, ಇಲ್ಲಿ ಅವರಿಗೆ ಹತ್ತಿರದವರು ಯಾರಿದ್ದಾರು? ಬಾಲ್ಜಾನಳಿಗೆ ಇದು ಹಿಡಿಸಲಿಲ್ಲ. ಒಂದು ಸಂಜೆಗೋಸ್ಕರ ಏಳು ತಲೆಮಾರಿನ ಅಪ್ಪಂದಿರನ್ನು ದಾರಿಯಲ್ಲಿ ಇಳಿಸಿ ಬರುತ್ತೀರಾ ಎಂದು ಕೇಳಿದಳು. ಇಳಿಸುತ್ತಿಲ್ಲ, ಸ್ವಲ್ಪ ಹೊತ್ತು ನಿಲ್ಲಿಸಿರುತ್ತೇನೆ ಅಷ್ಟೆ ಎಂದ ದುಯ್ಸೆನ್.

ಬಿಸಿಲು ಹಳದಿಯಾಗುವ ಹೊತ್ತಿಗೆ ನಾಲ್ಕಾರು ಮನೆಗಳ ಒಂದು ಮೀನುಗಾರರ ಹಳ್ಳಿ ಸಿಕ್ಕಿತು. ಕೊನೆಯ ಮನೆಯ ಆಚೆಗೆ ಮರಳು, ಮರಳಿನ ಆಚೆಗೆ ಬರೀ ನೀರು. ಇದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದು ದುಯ್ಸೆನ್ ಕಾರು ನಿಲ್ಲಿಸಿದ. ಬಾಗಿಲು ತೆಗೆಯುವಷ್ಟರಲ್ಲಿ ಬಲೆ ಹೆಣೆಯುತ್ತಿದ್ದ ಮನುಷ್ಯನೊಬ್ಬ ಎದ್ದು ಬಂದ. ತಾನು ತೊಬನಿಯಾಜ್ ಎಂದ. ಕ್ಷೇಮ ಕೇಳಿದ, ಕುರಿಗಳ ಕ್ಷೇಮ ಕೇಳಿದ, ಕಾರಿನ ಸುತ್ತ ಒಂದು ಸುತ್ತು ಬಂದು ಹಿಂದಿನ ಸೀಟಿಗೆ ಇಣುಕಿ ನೋಡಿ ಮೀಸೆ ತೀಡಿಕೊಂಡ. ಆಮೇಲೆ ಮೂರನೆಯ ಪ್ರಶ್ನೆ ಕೇಳಿದ.

"ನೈಮನ್," ಎಂದ ದುಯ್ಸೆನ್.

ತೊಬನಿಯಾಜ್ ಮತ್ತೊಮ್ಮೆ ಹಿಂದಿನ ಸೀಟಿನ ಕಡೆ ಕಣ್ಣು ಹಾಯಿಸಿದ. ದುಯ್ಸೆನ್ ಹೆಂಡತಿಯ ಕಡೆ ಗೆದ್ದವನಂತೆ ನೋಡಿದ. ಅಷ್ಟರಲ್ಲಿ ಆ ಮನುಷ್ಯ ಎರಡೂ ತೋಳು ಚಾಚಿ ಅವನನ್ನು ಬಾಚಿ ತಬ್ಬಿಕೊಂಡ.

"ಬೀಗರೇ," ಎಂದ. "ನಮ್ಮ ಹುಡುಗೀನ ನೈಮನ್‌ರಿಗೇ ಕೊಟ್ಟಿರೋದು. ಮೊನ್ನೆ ಬೇಸಿಗೇಲಿ ಮದ್ವೆ ಆಯ್ತು. ನೀವು ಮನೆ ಮುಂದೆ ಬಂದು ಹೀಗೆ ನಿಂತ್ರೆ ನಮ್ಮ ಮರ್ಯಾದೆ ಏನಾಗ್ಬೇಕು?"

ನೆಂಟನಾದರೆ ಒಂದು ಬಟ್ಟಲು ಚಹಾ ಕುಡಿದು ಏಳಬಹುದು. ಬೀಗನಾದವನು ಏಳುವಂತಿಲ್ಲ. ಅವನಿಗೆ ಕುರಿ ಕಡಿಯಬೇಕು, ಅದು ಬೇಯಬೇಕು, ಅವನು ತಿಂದು ಸುಸ್ತಾಗಬೇಕು. ದುಯ್ಸೆನ್ ಬಾಯಿ ತೆರೆದ. ಆದರೆ ಏನು ಹೇಳುವುದು? ಅಪ್ಪಂದಿರ ಬಗ್ಗೆ ಸುಳ್ಳು ಹೇಳಿದೆನೆಂದು ಈ ನಾಡಿನಲ್ಲಿ ಒಪ್ಪಿಕೊಳ್ಳುವುದಕ್ಕಿಂತ ಕಾರಿಗೆ ಬೆಂಕಿ ಹಚ್ಚಿ ಒಳಗೆ ಕೂರುವುದು ಮೇಲು. ಬಾಯಿ ಮುಚ್ಚಿಕೊಂಡ. ಬಾಲ್ಜಾನ್ ಮರಳಿನ ಕಡೆ ಒಮ್ಮೆ ನೋಡಿ, ತಲೆವಸ್ತ್ರ ಸರಿಮಾಡಿಕೊಂಡು ಒಳಗೆ ನಡೆದಳು.

ಬೀಗರಿಗೆ ಬಾಗಿಲಿಗೆ ಎದುರಾದ, ಗೌರವದ ಜಾಗ. ಅಲ್ಲಿ ದಪ್ಪನೆಯ ರಜಾಯಿ ಹಾಸಿ ಇಬ್ಬರನ್ನೂ ಒತ್ತೊತ್ತಾಗಿ ಕೂರಿಸಿದರು. ಕೂತ ಮೇಲೆ ದುಯ್ಸೆನ್‌ಗೆ ಗೊತ್ತಾಯಿತು, ಆ ಮನೆಯಲ್ಲಿ ದೊಡ್ಡ ಕಿಟಕಿ ಒಂದೇ, ಅದರಾಚೆ ಇಡೀ ಕಡಲು, ಮತ್ತು ಆ ಕಿಟಕಿ ಇರುವುದು ಸರಿಯಾಗಿ ತಮ್ಮ ಬೆನ್ನ ಹಿಂದೆ. ಮನೆಯವರೆಲ್ಲ ಕಡಲಿಗೆ ಮುಖ ಮಾಡಿ ಕೂತು ಬೀಗರನ್ನು ನೋಡುತ್ತಿದ್ದರು. ಅವರ ಕೆನ್ನೆಯ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ಬಾಲ್ಜಾನ್ ಆ ಕೆನ್ನೆಗಳನ್ನೇ ಗಡಿಯಾರ ನೋಡುವ ಹಾಗೆ ನೋಡತೊಡಗಿದಳು.

ದುಯ್ಸೆನ್ ಮೆಲ್ಲಗೆ ಕತ್ತು ತಿರುಗಿಸಿದ. ತೊಬನಿಯಾಜನ ಹೆಂಡತಿ ಕುಮಿಸ್ ಅದನ್ನು ಕಂಡವಳೇ, ಬೀಗರಿಗೆ ಬೆನ್ನಿಗೆ ಗಾಳಿ ಹೊಡೆಯುತ್ತಿರಬೇಕು ಪಾಪ ಎಂದು ಎದ್ದು ಪರದೆ ಎಳೆದುಬಿಟ್ಟಳು.

ಇನ್ನು ತೊಬನಿಯಾಜನ ತಂದೆ. ಮುದುಕ ಒಂಟೆಯ ಹುಳಿಹಾಲಿನ ಬಟ್ಟಲು ಕೆಳಗಿಟ್ಟು, ಬೀಗರ ಏಳು ತಲೆಮಾರು ಕೇಳಬೇಕೆಂದು ಆಸೆಪಟ್ಟ. ಏಳು ಅಪ್ಪಂದಿರ ಹೆಸರು ಬಾರದವನನ್ನು ಇಲ್ಲಿ ಕಟ್ಟಿಹಾಕದ ಕತ್ತೆಯ ಹಾಗೆ ನೋಡುತ್ತಾರೆ. ದುಯ್ಸೆನ್‌ಗೆ ತನ್ನ ಏಳು ಜನ ಬಾಯಿಪಾಠವೇ. ಆದರೆ ಅವರೆಲ್ಲ ಅದಾಯ್‌ಗಳು, ಈ ಮುದುಕನಿಗೂ ಬಾಯಿಪಾಠವಾಗಿರಬಹುದು. ಅವನು ಕಣ್ಣು ಮುಚ್ಚಿ ಡಿಪೋವನ್ನು ನೆನೆದು, ಬಾಗಿಲಿನಿಂದ ಒಳಕ್ಕೆ ಯಾರು ಯಾರು ಯಾವ ಬೆಂಚಿನ ಮುಂದೆ ನಿಲ್ಲುತ್ತಾರೋ ಅದೇ ಸಾಲಿನಲ್ಲಿ ಏಳು ಹೆಸರು ಹೇಳಿದ.

"ನಿಮ್ಮ ತಾತ ಯಾವಾಗಿಂದ ವೆಲ್ಡಿಂಗ್ ಮಾಡ್ತಿದಾರೆ?" ಎಂದು ಬಾಲ್ಜಾನ್ ಬಟ್ಟಲಿನೊಳಕ್ಕೇ ಕೇಳಿದಳು.

ಮುದುಕ ಬೆರಳು ಮಡಚಿ ಎಣಿಸಿ, ಕಿವಿ ಮಂದ, ಇನ್ನೊಮ್ಮೆ ಹೇಳಿ ಎಂದ. ದುಯ್ಸೆನ್ ಹೇಳಿದ. ಈಗ ಕೆಳಗಿನಿಂದ ಮೇಲಕ್ಕೆ ಹೇಳಿ ಎಂದ ಮುದುಕ. ಟೈರ್ ವಿಭಾಗದವನು ಇಂಜಿನ್ ವಿಭಾಗದವನಿಗೆ ಅಪ್ಪನೋ ಮಗನೋ ಎಂದು ದುಯ್ಸೆನ್‌ಗೆ ಮರೆತುಹೋಯಿತು. ಮುದುಕ ಬಹಳ ಗಂಭೀರವಾಗಿ, ಬೀಗರ ನಾಲ್ಕನೇ ಅಜ್ಜ ಈಗ ತಾನೇ ಅವರಪ್ಪನಿಗೇ ಅಪ್ಪನಾದರಲ್ಲ, ನಿಧಾನವಾಗಿ ಮತ್ತೊಮ್ಮೆ ನೋಡೋಣ ಎಂದ. ಈ ನಡುವೆ ಕುಮಿಸ್ ಮತ್ತು ಅವಳ ಓರಗಿತ್ತಿಯರು ದಿಂಬು ಕೊಡುವ ನೆಪದಲ್ಲಿ, ರಜಾಯಿ ಸರಿಮಾಡುವ ನೆಪದಲ್ಲಿ ಬೆನ್ನ ಹಿಂದೆ ಬಹಳ ಹೊತ್ತು ಬಗ್ಗಿಕೊಂಡಿದ್ದರು. ಎಂಥ ಉಪಚಾರ ಎಂದುಕೊಂಡ ದುಯ್ಸೆನ್.

ಪರದೆಯ ಸಂದಿಯಿಂದ ಬಂದ ಬೆಳಕು ಮುದುಕನ ಗಡ್ಡದ ಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಬಾಲ್ಜಾನ್ ಗಂಡನ ತೊಡೆಗೆ ಮೊಳಕೈಯಿಂದ ತಿವಿದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ, ಬೈಗುಳವೂ ಇರಲಿಲ್ಲ. ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಓಡಿಬಂದವಳ ಮುಖ ಅದು. ದುಯ್ಸೆನ್‌ಗೆ ತಡೆಯಲಾಗಲಿಲ್ಲ. ಕೈ ತೊಳೆದು ಬರುತ್ತೇವೆ ಎಂದು ಹೇಳಿ, ಅವಳ ಕೈ ಹಿಡಿದು ಒಮ್ಮೆಲೇ ಎದ್ದ.

ಅವನ ಜೊತೆ ರಜಾಯಿಯೂ ಎದ್ದಿತು.

ಬೀಗರ ಕೋಟಿನ ಅಂಚನ್ನು ರಜಾಯಿಗೆ ಹೊಲಿಯುವುದು ಇಲ್ಲಿಯ ಹೆಂಗಸರ ಹಳೆಯ ಸಂಭ್ರಮ. ದುಯ್ಸೆನ್‌ಗೂ ಗೊತ್ತಿತ್ತು, ಬೇರೆಯವರ ಮದುವೆಗಳಲ್ಲಿ ಹೊಟ್ಟೆ ಹಿಡಿದು ನಕ್ಕಿದ್ದ. ಈ ಹೆಂಗಸರು ಇನ್ನೂ ಮುಂದೆ ಹೋಗಿ ಅವನ ಕೋಟಿನ ಬಲ ಅಂಚನ್ನು ಬಾಲ್ಜಾನಳ ಲಂಗಕ್ಕೂ ಸೇರಿಸಿದ್ದರು, ಬಲೆ ಹೆಣೆಯುವ ದಾರದಲ್ಲಿ. ಹರಿಯುವ ಮಾತೇ ಇಲ್ಲ. ಗಂಡ, ಹೆಂಡತಿ, ರಜಾಯಿ ಮೂವರೂ ಒಂದೇ ಸಂಸಾರವಾಗಿ ಬಾಗಿಲ ಕಡೆ ನುಗ್ಗಿದರು. ದಾರಿಯಲ್ಲಿ ಸಿಕ್ಕ ಹುಳಿಹಾಲಿನ ಪಾತ್ರೆಯೂ ಸ್ವಲ್ಪ ದೂರ ಜೊತೆಗೆ ಬಂತು.

"ಬೀಗರು ಓಡ್ತಿದಾರೆ, ಹಿಡೀರೇ," ಎಂದಳು ಕುಮಿಸ್.

ಹೊರಗೆ ಬಂದು ಮನೆ ಸುತ್ತಿದರೆ ಎದುರಿಗೆ ಅವನಿದ್ದ, ಸೂರ್ಯ. ಕೆಂಪಗೆ, ಭಾರವಾಗಿ, ನೀರಿನಿಂದ ಇನ್ನೊಂದು ಬೆರಳಿನಷ್ಟೇ ಎತ್ತರದಲ್ಲಿ. ಇನ್ನೂ ಗುಂಡಗೇ ಇದ್ದ. ಇನ್ನೊಂದು ಗಳಿಗೆ ನಿಂತು ನೋಡಿದ್ದರೆ ಸಾಕಿತ್ತು. ಆದರೆ ಅಟ್ಟಿಸಿಕೊಂಡು ಬಂದ ಹೆಂಗಸರ ಕೈಗೆ ಸಿಕ್ಕ ಬೀಗನಿಗೆ ಮುಂದಿನ ಮರ್ಯಾದೆ ನೀರಿನಲ್ಲಿ ಅದ್ದುವುದು. ಬೇರೆ ಊರುಗಳಲ್ಲಿ ಅದಕ್ಕೆ ಬಕೆಟ್ ಇರುತ್ತದೆ. ಇವರಿಗೆ ಕಡಲಿತ್ತು. ಕುಮಿಸ್ ಕತ್ತರಿಯಿಂದ ದಾರ ಕತ್ತರಿಸಿ ಬಾಲ್ಜಾನಳನ್ನು ದಂಡೆಯ ಮೇಲೆ ಮರ್ಯಾದೆಯಿಂದ ಬಿಡಿಸಿದಳು. ಉಳಿದವರು ದುಯ್ಸೆನ್‌ನ ಕೈಕಾಲು ಹಿಡಿದು, ಜೋಳಿಗೆಯ ಹಾಗೆ ತೂಗಿ, ರಜಾಯಿಯ ಸಮೇತ ನೀರಿಗೆ ಎಸೆದರು.

ಅಲ್ಲಿ ಆಳವೇನೂ ಇರಲಿಲ್ಲ, ಎದೆಮಟ್ಟ. ಆದರೆ ಈಜು ಬಾರದ ಬಯಲುಸೀಮೆಯವನಿಗೆ, ಅದರಲ್ಲೂ ನೀರು ಕುಡಿದ ರಜಾಯಿ ಬೆನ್ನಿಗೆ ಕಚ್ಚಿಕೊಂಡಿದ್ದಾಗ, ಎದೆಮಟ್ಟವೂ ಬೇಕಾದಷ್ಟೇ. ಮುಳುಗಿದ, ಎದ್ದ, ಕಣ್ಣಿಗೆ ಉಪ್ಪು ತುಂಬಿ ಮತ್ತೆ ಮುಳುಗಿದ. ಕೊನೆಗೆ ಕಾಲೂರಿ ನಿಂತು ಕಣ್ಣುಜ್ಜಿಕೊಂಡು ಪಡುವಣಕ್ಕೆ ತಿರುಗಿದಾಗ ಅಲ್ಲಿ ಬರೀ ಗೆರೆಯಿತ್ತು. ಗೆರೆಯ ಮೇಲೆ ಸ್ವಲ್ಪ ಕೆಂಪಿತ್ತು.

ಒಳಗೆ ಕರೆತಂದು, ಒಣಬಟ್ಟೆ ಉಡಿಸಿ, ಒಲೆಯ ಪಕ್ಕ ಕೂರಿಸಿ ಚಹಾ ಕೊಟ್ಟರು. ದುಯ್ಸೆನ್‌ನ ಹಲ್ಲು ಬಟ್ಟಲಿಗೆ ತಾಳ ಹಾಕುತ್ತಿತ್ತು. ಒದ್ದೆ ಬಟ್ಟೆಯ ಜೊತೆ ಅವನ ಸುಳ್ಳಿನ ಧೈರ್ಯವೂ ಕಳಚಿತ್ತು. ತಲೆ ತಗ್ಗಿಸಿ, ತಾನು ನೈಮನ್ ಅಲ್ಲ, ಅದಾಯ್‌ನೇ ಎಂದು ಹೇಳಿ, ಆಗಲಿರುವ ಅವಮಾನಕ್ಕೆ ಕಣ್ಣು ಮುಚ್ಚಿದ.

ಕಣ್ಣು ಬಿಟ್ಟರೆ ಮುದುಕ ಗಡ್ಡದೊಳಗೆ ನಗುತ್ತಿದ್ದ.

"ನಿನ್ನೆ ನೀವು ಚಹಾ ಕುಡಿದ ಮನೆಯೋರು ಬೆಳಿಗ್ಗೇನೇ ಫೋನ್ ಮಾಡಿದ್ರು," ಎಂದ ತೊಬನಿಯಾಜ್. "ಪಿಸ್ತಾ ಕಲರ್ ಕಾರಲ್ಲಿ ನಮ್ಮೋರೊಬ್ರು ಬರ್ತಿದಾರೆ, ಹೊಟ್ಟೆ ತುಂಬಿಸ್ದೆ ಕಳಿಸ್ಬೇಡಿ ಅಂತ. ಆ ಹಿಂದಿನ ಸೀಟಲ್ಲಿರೋ ಕಂಬಳಿ ನೇಯ್ದೋಳು ನಮ್ಮ ಸೋದರತ್ತೆ. ಅಂಥಾದ್ರಲ್ಲಿ ನೀವು ನೈಮನ್ ಅಂದ್ರಿ. ನಮ್ಮೋನಾಗಿರೋಕೆ ನಾಚಿಕೆ ಇದ್ರೆ ಬೀಗನೇ ಆಗ್ಲಿ ಅಂತ ಬಿಟ್ವಿ."

"ಮತ್ತೆ ನಿಮ್ಮ ಹುಡುಗಿ? ಬೇಸಿಗೆ ಮದ್ವೆ?"

"ನಮಗೆಲ್ಲಿ ಹುಡುಗಿ ಅಣ್ಣಾ," ಎಂದಳು ಕುಮಿಸ್. "ನಾಲ್ಕೂ ಗಂಡೇ, ಒಬ್ರೂ ಮದ್ವೆ ಮಾತೇ ಎತ್ತಲ್ಲ. ಬೀಗರನ್ನ ನೀರಿಗೆ ಹಾಕೋ ಭಾಗ್ಯ ಈ ಜನ್ಮದಲ್ಲಿಲ್ಲ ಅಂದ್ಕೊಂಡಿದ್ದೆ. ದೇವರೇ ಕಳಿಸ್ದ ನಿಮ್ಮನ್ನ."

ಸೂರ್ಯ ನೋಡಲು ಹೋಗಬೇಕೆಂದು ನಿಜ ಹೇಳಿದ್ದರೆ ಬಿಡುತ್ತಿದ್ದಿರಾ ಎಂದು ದುಯ್ಸೆನ್ ಸಣ್ಣ ದನಿಯಲ್ಲಿ ಕೇಳಿದ. ಚಹಾ ಕುಡಿಯದೆಯೇ? ಇಲ್ಲ, ಬಿಡುತ್ತಿರಲಿಲ್ಲ ಎಂದು ತೊಬನಿಯಾಜ್ ಪ್ರಾಮಾಣಿಕವಾಗಿ ಒಪ್ಪಿಕೊಂಡ.

ಆಗ ದುಯ್ಸೆನ್‌ಗೆ ಒಂದು ಸಮಾಧಾನ ಹೊಳೆಯಿತು. ತಾನು ನೋಡದಿದ್ದರೇನು, ಬಾಲ್ಜಾನ್ ದಂಡೆಯ ಮೇಲಿದ್ದಳಲ್ಲ, ಪಡುವಣಕ್ಕೇ ಮುಖ ಮಾಡಿ. ಅವಳ ಕಡೆ ಬಗ್ಗಿ, ಚಪ್ಪಟೆಯಾದನಾ ಎಂದು ಕೇಳಿದ.

ಬಾಲ್ಜಾನ್ ಅವನ ಹೆಗಲ ಮೇಲಿನ ಶಾಲು ಎಳೆದು ಸರಿಮಾಡಿದಳು. "ಯಾರಿಗೆ ಗೊತ್ತು? ನಾನು ನಿಮ್ಮನ್ನ ನೋಡ್ತಿದ್ದೆ. ಈಜು ಬರಲ್ವಲ್ಲ ನಿಮಗೆ."

ದುಯ್ಸೆನ್ ಚಹಾದ ಬಟ್ಟಲು ಕೆಳಗಿಟ್ಟ. ಆಮೇಲೆ ಮನೆಯವರ ಕಡೆ ತಿರುಗಿ, ಹುಟ್ಟಿದಾಗಿನಿಂದ ಇಲ್ಲೇ ಇದ್ದೀರಲ್ಲ, ನೀವೇ ಹೇಳಿ, ನೀರು ಮುಟ್ಟುವ ಮುಂಚೆ ಸೂರ್ಯ ಚಪ್ಪಟೆಯಾಗುತ್ತಾನೋ ಇಲ್ಲವೋ ಎಂದು ಕೇಳಿದ. ತೊಬನಿಯಾಜ್ ಕುಮಿಸಳ ಮುಖ ನೋಡಿದ. ಕುಮಿಸ್ ಓರಗಿತ್ತಿಯರ ಮುಖ ನೋಡಿದಳು. ಎಲ್ಲರೂ ಮುದುಕನ ಕಡೆ ನೋಡಿದರು. ಮುದುಕ ಬಹಳ ಯೋಚಿಸಿ, ಆ ಹೊತ್ತಿಗೆ ಸಾಮಾನ್ಯವಾಗಿ ಮನೆಯಲ್ಲಿ ಯಾರಾದರೂ ನೆಂಟರು ಇರುತ್ತಾರೆ, ಚಹಾ ಬಗ್ಗಿಸುವುದೇ ಆಗುತ್ತದೆ, ಗಮನಿಸಿಲ್ಲ ಎಂದ. ಆದರೆ ವಿಷಯ ಅವನನ್ನೂ ಹಿಡಿದುಕೊಂಡಿತು. ಚಪ್ಪಟೆ ಅಂದರೆ ಮೇಲಿನಿಂದಲೋ ಕೆಳಗಿನಿಂದಲೋ ಎಂದು ಬಾಲ್ಜಾನಳನ್ನೇ ಕೇಳಿದ.

"ಅದನ್ನೇ ನೋಡ್ಬೇಕು ತಾತ," ಎಂದಳು ಬಾಲ್ಜಾನ್. "ನಾವು ನಾಳೆ ಹೋಗಲ್ಲ."

ದುಯ್ಸೆನ್ ಡಿಪೋದ ಹೆಸರೆತ್ತಲು ನೋಡಿದ. ಅವನ ಹೊಸ ಅಜ್ಜ ಮುತ್ತಜ್ಜಂದಿರೆಲ್ಲ ಅಲ್ಲಿ ಬೆಂಚಿನ ಮುಂದೆ ಕಾಯುತ್ತಿದ್ದರು. ಆದರೆ ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. ಬೆಂದ ಕುರಿಯ ತಟ್ಟೆ ಒಳಗೆ ಬರುತ್ತಿತ್ತು, ಮತ್ತು ತೊಬನಿಯಾಜ್ ಆಗಲೇ ಫೋನು ಕಿವಿಗಿಟ್ಟುಕೊಂಡು ಯಾರಿಗೋ ಪಿಸ್ತಾ ಬಣ್ಣವನ್ನು ವರ್ಣಿಸುತ್ತಿದ್ದ. ನಾಳೆ ಸಂಜೆಯ ಚಹಾ ಆಚೆ ಹಳ್ಳಿಯ ತನ್ನ ಅಣ್ಣನ ಮನೆಯಲ್ಲಿ ಎಂದ. ಅಲ್ಲೂ ಹೆಂಗಸರು ಕೈ ತುರಿಸಿಕೊಂಡು ಕೂತಿದ್ದಾರೆ, ಸೂಜಿದಾರಕ್ಕೆ ಕೊರತೆಯಿಲ್ಲ, ಕಡಲೂ ಹತ್ತಿರವೇ.

ಆಮೇಲೆ ಫೋನಿನ ಮೇಲೆ ಅಂಗೈ ಮುಚ್ಚಿ ದುಯ್ಸೆನ್ ಕಡೆಗೆ ಬಗ್ಗಿ, ಬಹಳ ವಿನಯದಿಂದ ಕೇಳಿದ:

"ಅಣ್ಣಾ, ನಾಳೆಗೆ ನಿಮ್ದು ಯಾವ ಬೆಡಗು ಅಂತ ಹೇಳ್ಲಿ?"