ಏಳನೆಯ ಪ್ರಶ್ನೆ

"ಯಾರ ಹೊಟ್ಟೆಯಾದ್ರೂ ಕೆಡಲಿ, ರೋಗ ಯಾವ ಪಾತ್ರೆಯಿಂದ ಬಂತು ಅಂತ ಇಪ್ಪತ್ನಾಲ್ಕು ಗಂಟೆಯೊಳಗೆ ಹೇಳ್ತೀನಿ!" ಭಾನುವಾರ ಮಧ್ಯಾಹ್ನ ಬಡಾವಣೆಯವರ ಸಹಭೋಜನದಲ್ಲಿ ಆರೋಗ್ಯ ನಿರೀಕ್ಷಕರು ಎದೆಯುಬ್ಬಿಸಿ ಸಾರಿದರು. ಸಂಜೆ ಐದಕ್ಕೆಲ್ಲ ಅರ್ಧ ಬಡಾವಣೆ ಬಕೆಟ್ ಹಿಡಿದು ಕೂತಿತ್ತು!

ಕಾಯಿಲೆ ಬಿದ್ದವರು ಹತ್ತೊಂಬತ್ತು ಮಂದಿ. ಹತ್ತೊಂಬತ್ತನೆಯವರು ಸಾಕ್ಷಾತ್ ನಿರೀಕ್ಷಕರ ಅಮ್ಮ! ಎಪ್ಪತ್ತೆಂಟರ ಜೀವ ಆಸ್ಪತ್ರೆಯ ಮಂಚದ ಮೇಲೆ ಡ್ರಿಪ್ ಹಾಕಿಸಿಕೊಂಡು ಕಣ್ಣುಮುಚ್ಚಿ ಮಲಗಿತ್ತು. ನಿರೀಕ್ಷಕರು ಫಾರಂ ಕಂತೆ ಹಿಡಿದು ಮನೆಮನೆ ಸುತ್ತಿದರು. ಏನು ತಿಂದಿರಿ? ಎಷ್ಟು ತಿಂದಿರಿ? ಯಾವಾಗ ಶುರುವಾಯಿತು? ಜನ ಬಚ್ಚಲಿನ ಬಾಗಿಲ ಹಿಂದಿನಿಂದಲೇ ಉತ್ತರ ಕೊಟ್ಟರು.

ಸೋಮವಾರ ಬೆಳಗ್ಗೆ ಅಮ್ಮನ ಮಂಚದ ಪಕ್ಕ ಕೂತು ಲೆಕ್ಕ ಹಾಕಿದರು. ಬಿದ್ದವರೆಲ್ಲ ಕಸ್ಟರ್ಡ್ ತಿಂದವರು. ಕಸ್ಟರ್ಡ್ ಮುಟ್ಟದವರು ಗುಂಡುಕಲ್ಲಿನ ಹಾಗಿದ್ದರು. ಸಕ್ಕರೆ ಕಾಯಿಲೆಯ ನಿರೀಕ್ಷಕರೂ ಅವರಲ್ಲೊಬ್ಬರು. ಕಸ್ಟರ್ಡ್ ಮಾಡಿದ್ದು ಅವರದೇ ಹೆಂಡತಿ! ಶಾಲೆಯ ಅಡುಗೆಮನೆಯ ಮೇಲ್ವಿಚಾರಕಿಯಾಗಿ ಅವಳು ಬುಧವಾರ ಕೆಲಸಕ್ಕೆ ಸೇರಬೇಕಿತ್ತು. ವರದಿಯಲ್ಲಿ ಅವಳ ಹೆಸರು ಬಂದರೆ ಆ ಕೆಲಸ ಹೋಯಿತೆಂದೇ ಲೆಕ್ಕ. ಬರೆಯದಿದ್ದರೆ ಇವರು ತಮ್ಮ ಕೆಲಸಕ್ಕೇ ದ್ರೋಹ ಮಾಡಿದ ಹಾಗೆ. ವರದಿ ಮಧ್ಯಾಹ್ನದೊಳಗೆ ಬೇಕೆಂದು ಅವರ ಇಲಾಖೆಯ ದೊಡ್ಡ ಡಾಕ್ಟರು ಎರಡು ಸಲ ಫೋನ್ ಮಾಡಿಯಾಗಿತ್ತು.

ಗಂಜಿ ತಂದ ಹೆಂಡತಿಯನ್ನು ಕೂರಿಸಿ ವಿಚಾರಣೆ ಶುರುಮಾಡಿದರು.

"ಹಾಲು?"

"ಚೆನ್ನಾಗಿ ಕುದಿಸಿದ್ದೆ."

"ಕೈ?"

"ಸೋಪು ಹಾಕಿ ತೊಳೆದಿದ್ದೆ. ಏನ್ರೀ ಇದು, ನಾನೇನು ಕಳ್ಳಿಯಾ?"

"ಸಿಟ್ಟಾಗ್ಬೇಡ ಕಣೇ, ಫಾರಂನಲ್ಲಿದೆ. ಏಳನೇ ಪ್ರಶ್ನೆ. ಆಹಾರ ಫ್ರಿಜ್‌ನಿಂದ ಹೊರಗೆ ಎಷ್ಟು ಹೊತ್ತಿತ್ತು?"

"ಶನಿವಾರ ಸಂಜೆ ಇಟ್ಟೆ. ಭಾನುವಾರ ಮಧ್ಯಾಹ್ನ ತೆಗೆದು ನೇರ ಊಟಕ್ಕೆ ತಂದೆ. ತಣ್ಣಗೆ ಕೊರೀತಿತ್ತು."

ನಿರೀಕ್ಷಕರು ಪೆನ್ನು ಕಚ್ಚಿದರು. ಹೆಂಡತಿ ಹುಬ್ಬು ಗಂಟಿಕ್ಕಿ ಫಾರಂ ಕಿತ್ತುಕೊಂಡಳು.

"ಹೌದೂ, ಶನಿವಾರ ರಾತ್ರಿ ಲ್ಯಾಬ್ ಮುಚ್ಚಿತ್ತು ಅಂತ ಪರೀಕ್ಷೆಯ ಹನ್ನೆರಡು ಬಾಟಲಿ ಟ್ಯಾಂಕ್ ನೀರು ಮನೆಗೆ ತಂದ್ರಲ್ಲ, ಅದನ್ನೆಲ್ಲಿ ಇಟ್ರಿ?"

"ಎಲ್ಲಿಡ್ತಾರೆ? ಫ್ರಿಜ್‌ನಲ್ಲಿ! ಸ್ಯಾಂಪಲ್ ತಂಪಾಗಿರ್ಬೇಕು, ಅದು ನಿಯಮ!"

"ನಮ್ಮ ಫ್ರಿಜ್‌ನಲ್ಲಿ ಹನ್ನೆರಡು ಬಾಟಲಿಗೆ ಜಾಗ ಎಲ್ಲಿತ್ತು?"

ರಾತ್ರಿ ಹತ್ತಕ್ಕೆ, ಅವಳು ಮಲಗಿದ ಮೇಲೆ ಕಸ್ಟರ್ಡ್ ಪಾತ್ರೆಯನ್ನು ಹೊರಗೆ ತೆಗೆದು ಒಲೆಯ ಪಕ್ಕ ಇಟ್ಟವರು ನಿರೀಕ್ಷಕರೇ! ಭಾನುವಾರ ಅವಳು ಏಳುವ ಮುಂಚೆ, ಬೆಳಗ್ಗೆ ಎಂಟಕ್ಕೆ ಲ್ಯಾಬಿನ ಜೀಪು ಬಾಟಲಿಗಳನ್ನು ಒಯ್ದ ಮೇಲೆ ಜೋಪಾನವಾಗಿ ಒಳಗಿಟ್ಟವರೂ ಅವರೇ! ಹೊರಗಿದ್ದದ್ದು ಬರೋಬ್ಬರಿ ಹತ್ತು ಗಂಟೆ.

"ಅಯ್ಯೋ, ತಪ್ಪಾಯ್ತು ಕಣೇ..."

ಅಷ್ಟರಲ್ಲಿ ಫೋನ್ ರಿಂಗಾಯಿತು. ದೊಡ್ಡ ಡಾಕ್ಟರು! "ನಿಮ್ಮ ಟ್ಯಾಂಕ್ ನೀರು ಶುದ್ಧ ಅಂತ ರಿಪೋರ್ಟ್ ಬಂತು ಕಣ್ರೀ. ಹಾಗಾದ್ರೆ ರೋಗದ ಮೂಲ ಸಿಕ್ತಾ?"

"ಸಿ... ಸಿಕ್ತು ಸಾರ್."

"ಭೇಷ್! ಎಲ್ಲಿದೆ?"

ಆಗ ಮಂಚದ ಮೇಲಿಂದ, ನಿನ್ನೆಯಿಂದ ಒಂದು ಮಾತೂ ಆಡದಿದ್ದ ಅಮ್ಮ ನಿಧಾನವಾಗಿ ಒಂದು ಕಣ್ಣು ತೆರೆದರು.

"ನನ್ನ ಮಂಚದ ಪಕ್ಕಾನೇ ಕೂತಿದೆ ಅನ್ನೋ. ಅದನ್ನ ಹೆತ್ತವಳು ನಾನು, ಅದನ್ನೂ ಬರ್ಕೋ!"